ಆನೆಯ ಹುಡುಗ ಸಾಬು

ಹಾಲಿವುಡ್ ತಾರೆಯರ ವಿಷಯವಾಗಿ ನಮ್ಮ ವಿದ್ಯಾರ್ಥಿಮಿತ್ರರು ಗಂಟೆಗಟ್ಟಲೆ ಮಾತನಾಡಬಲ್ಲರು. ಆದರೆ ಅಲ್ಲಿ ಹೆಸರು ಗಳಿಸಿದ ಕನ್ನಡನಾಡಿನ ಸಾಬುವನ್ನು ಬಲ್ಲವರು ನಮ್ಮಲ್ಲಿ ವಿರಳ.

ಸಾಬು 1924ರಲ್ಲಿ ಮೈಸೂರು ಸೀಮೆಯ ಕಾರಾಪುರದಲ್ಲಿ ಮಾವುತನ ಮಗನಾಗಿ ಹುಟ್ಟಿದನು. ಚಿತ್ರ ತೆಗೆಯಲು ಬಂದ ರಾಬರ್ಟ್ ಫ್ಲಾಹರ್ಟಿಯ ತಂಡದವರ ಕಣ್ಣಿಗೆ ಬಿದ್ದು, 1937ರ 'ಎಲಿಫೆಂಟ್ ಬಾಯ್' ಚಿತ್ರದಿಂದ ಲೋಕಪ್ರಸಿದ್ಧನಾದನು. 1940ರಲ್ಲಿ 'ದಿ ಥೀಫ್ ಆಫ್ ಬಾಗ್ದಾದ್', 1942ರಲ್ಲಿ 'ಜಂಗಲ್ ಬುಕ್'ನ ಮೌಗ್ಲಿಯ ಪಾತ್ರ ಬಂದವು. 1944ರಲ್ಲಿ ಅಮೆರಿಕದ ಪೌರನಾಗಿ, ಮಹಾಯುದ್ಧದಲ್ಲಿ ಬಾಂಬರ್ ವಿಮಾನದ ಹಿಂಬದಿಯ ಬಂದೂಕುಗಾರನಾಗಿ ಹೋರಾಡಿ ಪದಕ ಪಡೆದನು.

ಇಂಥ ವೀರನು ಹಿಂದಿರುಗಿದ ಮೇಲೆ ಅವನಿಗೆ ದೊರೆತುದೇನು? 1947ರ 'ಬ್ಲ್ಯಾಕ್ ನಾರ್ಸಿಸಸ್'ನಲ್ಲಿ ರಾಜಕುಮಾರನ ಪಾತ್ರ ದೊರೆತುದು ನಿಜ. ಆದರೆ ಬಹುಪಾಲು ಮತ್ತೆ ಅದೇ ಕಾಡು, ಅದೇ ರುಮಾಲು, ಅದೇ ಆನೆ. ಟೆಲಿವಿಷನ್ನಿಗೆಂದು ತೆಗೆದು, 1957ರಲ್ಲಿ ಚಲಚ್ಚಿತ್ರವಾಗಿ ಹೊರಬಂದ 'ಸಾಬು ಅಂಡ್ ದಿ ಮ್ಯಾಜಿಕ್ ರಿಂಗ್'ನಲ್ಲಿಯೂ ಅವನು ಆನೆಯ ಲಾಯದ ಹುಡುಗನೇ! ಆಗ ಅವನಿಗೆ ಮೂವತ್ತಮೂರು ವಯಸ್ಸು. 'ಮದರ್ ಇಂಡಿಯಾ'ದ ಬಿರ್ಜು ಪಾತ್ರಕ್ಕೆ ಮೆಹಬೂಬ್ ಖಾನರು ಅವನನ್ನೇ ಬಯಸಿದ್ದರು, ಅದೂ ಕೈಗೂಡಲಿಲ್ಲ. 1963ರ ಡಿಸೆಂಬರಿನಲ್ಲಿ, ಮೂವತ್ತೊಂಬತ್ತರ ಹರೆಯದಲ್ಲಿ, ಹೃದಯಾಘಾತದಿಂದ ತೀರಿಕೊಂಡನು.

ಸಾಬುವಿಗಿಂತ ಐದು ವರ್ಷ ಕಿರಿಯರಾದ ರಾಜಕುಮಾರರನ್ನು ನೋಡಿರಿ. ಅವರು ನಾಯಕರಾದುದೂ ಕಾಡಿನವನ ಪಾತ್ರದಿಂದಲೇ, 1954ರ 'ಬೇಡರ ಕಣ್ಣಪ್ಪ'ದಲ್ಲಿ. ಆದರೆ ಅವರು ಅಲ್ಲಿಯೇ ನಿಲ್ಲಲಿಲ್ಲ. 1960ರಲ್ಲಿ ರಣಧೀರ ಕಂಠೀರವ, 1962ರಲ್ಲಿ ಕಬೀರ, 1968ರ 'ಜೇಡರ ಬಲೆ'ಯಲ್ಲಿ ಪತ್ತೇದಾರ. ಒಬ್ಬರಲ್ಲಿ ಪ್ರತಿಭೆ ಹೆಚ್ಚು, ಇನ್ನೊಬ್ಬರಲ್ಲಿ ಕಡಿಮೆ ಎಂದು ತೂಗುವುದು ನ್ಯಾಯವಲ್ಲ. ರಾಜಕುಮಾರರ ಬೆನ್ನಿಗೆ ನಾಟಕ ಕಂಪನಿಯ ಗರಡಿಯಿತ್ತು, ಅವರ ನುಡಿಯಲ್ಲಿ ಬರೆಯುವವರಿದ್ದರು, ತಮ್ಮವನೆಂದು ನೋಡುವ ಜನರಿದ್ದರು. ಸಾಬುವಿನ ಪಾತ್ರಗಳನ್ನು ಬರೆದವರು ಅವನನ್ನು ಆನೆಯ ಮೇಲೆ ಮಾತ್ರ ಕಂಡವರು. ಇತರರು ಬರೆದ ಕಥೆಯಲ್ಲಿ ನಮಗೆ ಸಿಕ್ಕುವುದು ಅವರು ಕಂಡಷ್ಟೇ ಎಂಬುದು ನನ್ನ ಅಭಿಪ್ರಾಯ.

ಈ ಮಾತು ನಮಗೇಕೆಂದು ಕೇಳಬಹುದು. ಕನ್ನಡ ಚಿತ್ರಗಳಲ್ಲಿ ನಮ್ಮ ಸೀಮೆಯ ಮಾತು ಬಹುಮಟ್ಟಿಗೆ ಬರುವುದು ನಗೆಗಾಗಿ. ನಾಯಕನು ಹಳೇ ಮೈಸೂರಿನ ಕನ್ನಡವಾಡುತ್ತಾನೆ. 'ಏನ್ರೀ, ಹೆಂಗದೀರಿ' ಎನ್ನುವವನು ಅವನ ಆಳು. ನೋಡಿ ನಾವೂ ನಗುತ್ತೇವೆ. ನಮ್ಮೂರ ಹುಡುಗನೊಬ್ಬ ನಟನಾಗಬಯಸಿದರೆ, ಅವನಿಗೂ ಸಾಬುವಿನಂತೆ ಒಂದೇ ಆನೆ ಕಾದಿದೆಯಲ್ಲವೆ?

ಇದಕ್ಕೆ ಮದ್ದು ನಮ್ಮ ಕೈಯಲ್ಲಿಯೇ ಇದೆ. ನಮ್ಮ ವಾರ್ಷಿಕೋತ್ಸವದ ನಾಟಕವನ್ನು ನಾವೇ ಏಕೆ ಬರೆಯಬಾರದು? 'ದೇವಾನಾಂಪ್ರಿಯ'ನೆಂದರೆ ಅಶೋಕನೇ ಎಂದು ಲೋಕಕ್ಕೆ ತಿಳಿಸಿದ, 1915ರಲ್ಲಿ ಬೆಳಕಿಗೆ ಬಂದ ಬಂಡೆ ಮಸ್ಕಿಯಲ್ಲಿದೆ. ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ನೆಲದಾಳಕ್ಕಿಳಿದು ಚಿನ್ನ ತೆಗೆಯುವವರಿದ್ದಾರೆ. ಸಿಂಧನೂರಿನಲ್ಲಿ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರಿಗಾಗಿ ಕಾಯುವ ರೈತರಿದ್ದಾರೆ. ಇವರೆಲ್ಲ ನಮ್ಮ ಮಾತಿನಲ್ಲಿಯೇ ಅಳಲಿ, ಸಿಟ್ಟಾಗಲಿ, ನ್ಯಾಯ ಹೇಳಲಿ. ಅಧ್ಯಾಪಕರು ತಿದ್ದಿಕೊಡಲಿ, ನಾವು ಬರೆಯೋಣ, ಆಡೋಣ.