ಮನೆಯ ಶಾಖದ ಲೆಕ್ಕದಲ್ಲಿ ವಿದ್ಯುತ್ ಸ್ಕೂಟರು

ಕೊಪ್ಪಳಕ್ಕೆ ಹೊಂದಿಕೊಂಡಿರುವ ಭಾಗ್ಯನಗರವು ನೇಕಾರಿಕೆಗೂ ಕೂದಲು ಸಂಸ್ಕರಣೆಗೂ ಹೆಸರಾದ ಊರು. ಇಲ್ಲಿಯ ಅನೇಕ ಮನೆಗಳಲ್ಲಿ ವಾಸಕ್ಕೂ ದುಡಿಮೆಗೂ ಒಂದೇ ಸೂರು. ಈಚಿನ ವರ್ಷಗಳಲ್ಲಿ ಅದೇ ಸೂರಿನ ಕೆಳಗೆ ವಿದ್ಯುತ್ ಸ್ಕೂಟರೂ ಬಂದು ಸೇರಿದೆ. ಸಂಜೆಯಾದೊಡನೆ ಅದನ್ನು ಪಡಸಾಲೆಗೆ ಎಳೆದುಕೊಂಡು, ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ, ಅದರ ಪಕ್ಕದಲ್ಲಿಯೇ ಮನೆಮಂದಿ ಹಾಸಿಗೆ ಬಿಡಿಸುವುದನ್ನು ನಾನು ಕಂಡಿದ್ದೇನೆ. (ಹಾಗೆ ಮಲಗುವುದು ಕ್ಷೇಮವಲ್ಲ, ಅದು ಬೇರೆಯೇ ಲೇಖನದ ಮಾತು.)

ಕಟ್ಟಡದ ಶಕ್ತಿವ್ಯಯವನ್ನು ಅದನ್ನು ಕಟ್ಟುವ ಮೊದಲೇ ಗಣಕಯಂತ್ರದಲ್ಲಿ ಅನುಕರಿಸಿ ನೋಡುವ ವಿದ್ಯೆಯೊಂದುಂಟು. ಗೋಡೆ, ಚಾವಣಿ, ಕಿಟಕಿ, ದೀಪ, ಬೀಸಣಿಗೆ, ಒಳಗಿರುವ ಜನ ಇವೆಲ್ಲವನ್ನೂ ಅಂಕಿಗಳಾಗಿ ಕೊಟ್ಟರೆ, ವರ್ಷದ 8,760 ಗಂಟೆಗಳಲ್ಲಿ ಮನೆ ಎಷ್ಟು ಕಾಯುತ್ತದೆ, ಎಷ್ಟು ವಿದ್ಯುತ್ತನ್ನು ಬೇಡುತ್ತದೆ ಎಂಬುದನ್ನು ಅದು ಗಂಟೆಗಂಟೆಗೂ ತಿಳಿಸುತ್ತದೆ. ಅಮೆರಿಕದಲ್ಲಿ 2001ರಲ್ಲಿ ಹೊರಬಂದ ಎನರ್ಜಿಪ್ಲಸ್ ಎಂಬ ಕ್ರಮವಿಧಿ ಇವುಗಳಲ್ಲಿ ಪ್ರಸಿದ್ಧವಾದುದು. ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಇಂತಹ ಲೆಕ್ಕವೊಂದನ್ನು ಮಾಡಿ ತಂದು ತೋರಿಸಿದನು. ಅದರಲ್ಲಿ ಸ್ಕೂಟರೂ ಇತ್ತು. ಆದರೆ ಇಡೀ ದಿನ ಒಂದೇ ಸಮನೆ ನಡೆಯುವ, ಕೋಣೆಯೊಳಗಿನ ಒಂದು ಯಂತ್ರವಾಗಿ ಇತ್ತು. ನನ್ನ ತಕರಾರು ಇರುವುದು ಇಲ್ಲಿಯೇ.

ಮೊದಲು ಶಾಖದ ಮಾತು. ದಿನಕ್ಕೆ 40 ಕಿಲೋಮೀಟರು ಓಡುವ ಸ್ಕೂಟರು ಪ್ಲಗ್ಗಿನಿಂದ ಸುಮಾರು 1.4 ಯೂನಿಟು ಎಳೆದುಕೊಳ್ಳುತ್ತದೆಂದು ಇಟ್ಟುಕೊಳ್ಳೋಣ. ದೀಪ, ಬೀಸಣಿಗೆ, ದೂರದರ್ಶನಗಳಿಗೆ ಕೊಟ್ಟ ವಿದ್ಯುತ್ತೆಲ್ಲ ಕಡೆಗೆ ಕೋಣೆಯಲ್ಲಿಯೇ ಶಾಖವಾಗುತ್ತದೆ. ಸ್ಕೂಟರು ಹಾಗಲ್ಲ. ಸುಮಾರು 1.2 ಯೂನಿಟು ಅದರ ಬ್ಯಾಟರಿಯಲ್ಲಿ ಶೇಖರವಾಗಿ ಮರುದಿನ ರಸ್ತೆಯ ಮೇಲೆ ವ್ಯಯವಾಗುತ್ತದೆ, ಉಳಿದ 0.2 ಯೂನಿಟು ಮಾತ್ರ ಶಾಖವಾಗಿ ಮನೆಯಲ್ಲಿ ನಿಲ್ಲುತ್ತದೆ. ಚಾರ್ಜಾಗುವಷ್ಟು ಹೊತ್ತು ಅದು ಸುಮಾರು 100 ವ್ಯಾಟು. ಸುಮ್ಮನೆ ಕುಳಿತ ಮನುಷ್ಯನೊಬ್ಬನ ದೇಹ ಹೊರಸೂಸುವಷ್ಟು. ನನ್ನ ಶಿಷ್ಯನ ಲೆಕ್ಕ ಇದರ ಏಳರಷ್ಟು ಶಾಖವನ್ನು ಬಡ ಪಡಸಾಲೆಯ ತಲೆಗೆ ಕಟ್ಟಿತ್ತು. ಹಾಗೆಂದು ಸ್ಕೂಟರನ್ನು ಮನೆಯ ಹೊರಗಿನ ಬಳಕೆಯೆಂದು ಬರೆದು ಕೈತೊಳೆದುಕೊಳ್ಳುವುದೂ ಸರಿಯಲ್ಲ. ಪ್ರತ್ಯೇಕ ಗ್ಯಾರೇಜುಳ್ಳ ವಿದೇಶದ ಮನೆಗೆ, ಜಗಲಿಯ ಮೇಲೆ ನಿಲ್ಲಿಸಿದ ಸ್ಕೂಟರಿಗೆ ಅದು ಒಪ್ಪೀತು. ಪಡಸಾಲೆಯಲ್ಲಿ ನಿಂತ ಸ್ಕೂಟರಿನ ಪಾಲಿನ ಶಾಖವನ್ನು ಒಳಗೇ ಬರೆಯಬೇಕು.

ಎರಡನೆಯ ತಪ್ಪು ಇನ್ನೂ ದೊಡ್ಡದು. 1.4 ಯೂನಿಟನ್ನು 24 ಗಂಟೆಗಳಿಗೆ ಹಂಚಿದರೆ ಬರುವುದು ಸುಮಾರು 58 ವ್ಯಾಟು, ಒಂದು ಬೀಸಣಿಗೆಯಷ್ಟು. ವಾಸ್ತವವಾಗಿ 750 ವ್ಯಾಟಿನ ಚಾರ್ಜರು ಎರಡು ಗಂಟೆಗೂ ಕಡಮೆ ಕಾಲ ನಡೆದು ನಿಲ್ಲುತ್ತದೆ. ಬೀದಿಯೊಂದರಲ್ಲಿ ಇಂತಹ 60 ಸ್ಕೂಟರುಗಳಿದ್ದರೆ ಸರಾಸರಿಯ ಲೆಕ್ಕದಲ್ಲಿ ಬೇಡಿಕೆ ಮೂರೂವರೆ ಕಿಲೋವ್ಯಾಟು. ಎಲ್ಲರೂ ಸಂಜೆ ಏಳಕ್ಕೆ ಬಂದು ಪ್ಲಗ್ಗಿಗೆ ಸಿಕ್ಕಿಸಿದರೆ 45 ಕಿಲೋವ್ಯಾಟು. ದೀಪ ಹತ್ತುವ ಹೊತ್ತೂ ಅದೇ ಆದ್ದರಿಂದ ಟ್ರಾನ್ಸ್‌ಫಾರ್ಮರಿಗೆ ಈ ವ್ಯತ್ಯಾಸ ಸಣ್ಣದಲ್ಲ. ಎಲ್ಲರೂ ಒಂದೇ ಗಳಿಗೆಯಲ್ಲಿ ಸಿಕ್ಕಿಸುತ್ತಾರೆಯೇ ಎಂದು ಓದುಗರು ಕೇಳಬಹುದು. ಇಲ್ಲ, ಸತ್ಯ ಇವೆರಡರ ನಡುವೆ ಎಲ್ಲಿಯೋ ಇದೆ. ಆ ಎಲ್ಲಿಯೋ ಎಂಬುದನ್ನು ಊಹಿಸದೆ ಅಳೆದು ತಿಳಿಯಬೇಕೆಂಬುದೇ ನನ್ನ ವಾದ. ಬೆಂಗಳೂರಿನ ಕಚೇರಿಯ ನೌಕರನು ಮನೆಗೆ ಮರಳುವ ವೇಳೆ ಭಾಗ್ಯನಗರದ ನೇಕಾರನ ವೇಳೆಯಲ್ಲ. ಮನೆಯಲ್ಲಿಯೇ ದುಡಿಯುವವನು ಮಧ್ಯಾಹ್ನ, ಸೂರ್ಯಶಕ್ತಿಯ ವಿದ್ಯುತ್ತು ಹೇರಳವಾಗಿರುವಾಗ, ತನ್ನ ವಾಹನಕ್ಕೆ ಚಾರ್ಜು ಮಾಡಿಕೊಳ್ಳಬಲ್ಲನು. ಎರವಲು ತಂದ ವೇಳಾಪಟ್ಟಿಗೆ ಇದು ತಿಳಿಯದು.

ಮನೆಯ ಯಜಮಾನನಿಗಾದರೋ ಇದು ಹಣದ ಪ್ರಶ್ನೆ. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಂತೆ ತಿಂಗಳ ಬಳಕೆ 200 ಯೂನಿಟು ಮೀರಿದರೆ ಬಿಲ್ಲನ್ನು ಪೂರ್ತಿಯಾಗಿ ತೆರಬೇಕು. ಈಗಾಗಲೇ 170 ಯೂನಿಟು ಬಳಸುವ ಮನೆಗೆ ಸ್ಕೂಟರಿನ 40 ಯೂನಿಟು ಸೇರಿದರೆ ಗೆರೆ ದಾಟಿತೆಂದೇ ಅರ್ಥ. ಚಾವಣಿಗೆ ಸುಣ್ಣ ಬಳಿದು ಬೀಸಣಿಗೆಯ ಬಳಕೆಯನ್ನು ತಗ್ಗಿಸಿದರೆ ಗೆರೆಯೊಳಗೆ ಉಳಿಯಬಹುದೇ? ಅನುಕರಣದ ಲೆಕ್ಕ ಉತ್ತರಿಸಬೇಕಾದುದು ಇಂತಹ ಪ್ರಶ್ನೆಗಳಿಗೆ. ತಪ್ಪು ಶಾಖವನ್ನು ತುಂಬಿಕೊಂಡ ಲೆಕ್ಕ ಉತ್ತರಿಸಲಾರದು.

ನನ್ನ ತರಗತಿಯವರಿಗೆ ಒಂದು ಕೆಲಸ ಹಚ್ಚಿದ್ದೇನೆ. ಮನೆಯ ಸ್ಕೂಟರನ್ನು ಪ್ಲಗ್ಗಿಗೆ ಸಿಕ್ಕಿಸಿದ ವೇಳೆ, ತೆಗೆದ ವೇಳೆ, ಅದು ನಿಂತ ಜಾಗ, ಆ ದಿನ ಓಡಿದ ದೂರ ಇಷ್ಟನ್ನು ಒಂದು ತಿಂಗಳು ಬರೆದಿಡಬೇಕು. ಮೊದಲ ವಾರದ ಹಾಳೆಗಳು ಕೈಗೆ ಬಂದಿವೆ. ಅವುಗಳಲ್ಲಿ ಯಾವ ಎರಡೂ ಒಂದೇ ತೆರನಾಗಿಲ್ಲ.