ಕುರ್ಚಿ ಖಾಲಿಯಾದಾಗ

ಜರ್ಮನಿಯ ಸರ್ಕಾರದ ಮುಖ್ಯಸ್ಥರಿಗೆ ಚಾನ್ಸಲರ್ ಎಂದು ಹೆಸರು. ಹೆಚ್ಚುಕಡಿಮೆ ನಮ್ಮ ಪ್ರಧಾನಮಂತ್ರಿಯ ಹುದ್ದೆಯಂಥದೇ. ಈ ಹುದ್ದೆ ಖಾಲಿಯಾದರೆ ಏನಾದೀತು ಎಂಬ ಪ್ರಶ್ನೆ ವೈಜ್ಞಾನಿಕ ಕಾದಂಬರಿಯೊಂದರಲ್ಲಿ ಬರುತ್ತದೆ. ಅಮೆರಿಕದ ಫಿಲಿಪ್ ಕೆ. ಡಿಕ್ 1962ರಲ್ಲಿ ಪ್ರಕಟಿಸಿದ ‘ದಿ ಮ್ಯಾನ್ ಇನ್ ದಿ ಹೈ ಕ್ಯಾಸಲ್’ ಆ ಕೃತಿ. ಮರುವರ್ಷ ಅದಕ್ಕೆ ಹ್ಯೂಗೊ ಪ್ರಶಸ್ತಿ ಬಂತು.

ಎರಡನೆಯ ಮಹಾಯುದ್ಧದಲ್ಲಿ ಜರ್ಮನಿ, ಜಪಾನ್‌ಗಳೇ ಗೆದ್ದಿದ್ದರೆ? ಇದು ಕಥೆಯ ಕಲ್ಪನೆ. ಅಲ್ಲಿನ ಜರ್ಮನಿಯ ವಿಜ್ಞಾನ ಬೆರಗು ಹುಟ್ಟಿಸುವಂಥದು. ಪ್ರಯಾಣಿಕರು ರಾಕೆಟ್ ಏರಿ ಖಂಡಾಂತರ ಹೋಗುತ್ತಾರೆ. ಮನುಷ್ಯ ಮಂಗಳ ಗ್ರಹವನ್ನು ತಲುಪಿದ್ದಾನೆ. ಮೆಡಿಟರೇನಿಯನ್ ಸಮುದ್ರವನ್ನೇ ಬತ್ತಿಸಿ ಹೊಲ ಮಾಡಲಾಗಿದೆ. ಇದು ಬರೀ ಕಟ್ಟುಕಥೆಯೂ ಅಲ್ಲ. ಜಿಬ್ರಾಲ್ಟರಿನಲ್ಲಿ ಅಣೆಕಟ್ಟು ಕಟ್ಟಿ ಆ ಸಮುದ್ರದ ಮಟ್ಟ ಇಳಿಸುವ ಯೋಜನೆಯನ್ನು ಜರ್ಮನಿಯ ವಾಸ್ತುಶಿಲ್ಪಿ ಹರ್ಮನ್ ಜೋರ್ಗೆಲ್ 1920ರ ದಶಕದಲ್ಲಿ ನಿಜವಾಗಿಯೂ ಮುಂದಿಟ್ಟಿದ್ದ.

ಆದರೆ ಕಥೆಯಲ್ಲಿ ಇಷ್ಟೆಲ್ಲ ಸಾಧಿಸಿದ ಆಡಳಿತವೇ ಆಫ್ರಿಕಾದ ಜನರನ್ನು ನಿರ್ನಾಮ ಮಾಡಿದೆ. ಅಷ್ಟರಲ್ಲಿ ಚಾನ್ಸಲರ್ ಬೋರ್ಮನ್ ಸಾಯುತ್ತಾನೆ. ಮುಂದೆ ಯಾರು? ಚುನಾವಣೆಯಿಲ್ಲ, ನಿಯಮವಿಲ್ಲ; ಇರುವುದು ಬಣಗಳ ಕಾದಾಟ ಮಾತ್ರ. ಕೊನೆಗೆ ಕುರ್ಚಿ ಗೋಬೆಲ್ಸ್‌ನ ಪಾಲಾಗುತ್ತದೆ. ಜಪಾನಿನ ಮೇಲೆ ಪರಮಾಣು ದಾಳಿ ನಡೆಸುವ ಗುಪ್ತ ಸಂಚಿಗೆ ಅವನ ಬೆಂಬಲವಿದೆ. ಕೋಟ್ಯಂತರ ಜನರ ಅಳಿವು ಉಳಿವು ಕುರ್ಚಿಯಲ್ಲಿ ಕುಳಿತವನ ಮನಸ್ಸಿಗೆ ಬಿಟ್ಟದ್ದು!

ಇತಿಹಾಸದಲ್ಲಿ ನಡೆದದ್ದೇ ಬೇರೆ. ಬೋರ್ಮನ್ 1945ರ ಮೇ ತಿಂಗಳಲ್ಲೇ ಸತ್ತ. ಹಿಟ್ಲರನ ಆತ್ಮಹತ್ಯೆಯ ನಂತರ ಗೋಬೆಲ್ಸ್ ಚಾನ್ಸಲರ್ ಆದದ್ದು ನಿಜ. ಆದರೆ ಒಂದೇ ದಿನದ ಮಟ್ಟಿಗೆ. ಸಂಸತ್ತನ್ನು ಬದಿಗೊತ್ತಿ ಕಾನೂನು ಮಾಡುವ ಅಧಿಕಾರ ಹಿಟ್ಲರನಿಗೆ ಸಿಕ್ಕಿದ್ದು 1933ರ ಮಾರ್ಚ್‌ನಲ್ಲಿ. ಅನಾಹುತದ ಬೇರು ಅಲ್ಲಿತ್ತು.

ಆ ಪಾಠ ಪಶ್ಚಿಮ ಜರ್ಮನಿಯ 1949ರ ಸಂವಿಧಾನದಲ್ಲಿ ಕಾಣುತ್ತದೆ. ಸಂಸತ್ತು ಚಾನ್ಸಲರ್‌ರನ್ನು ಸುಮ್ಮನೆ ಕೆಳಗಿಳಿಸುವಂತಿಲ್ಲ. ಉತ್ತರಾಧಿಕಾರಿಯನ್ನು ಬಹುಮತದಿಂದ ಆರಿಸಿಯೇ ಇಳಿಸಬೇಕು. 1982ರಲ್ಲಿ ಹೆಲ್ಮುಟ್ ಸ್ಮಿಟ್ ಹೋಗಿ ಹೆಲ್ಮುಟ್ ಕೋಲ್ ಬಂದದ್ದು ಹೀಗೆಯೇ. ಭೌತವಿಜ್ಞಾನ ಓದಿ, ಕ್ವಾಂಟಂ ರಸಾಯನದಲ್ಲಿ ಡಾಕ್ಟರೇಟ್ ಪಡೆದ ಆಂಗೆಲಾ ಮರ್ಕೆಲ್ 2005ರಿಂದ 2021ರವರೆಗೆ ಆ ಹುದ್ದೆಯಲ್ಲಿದ್ದರು. ಚುನಾವಣೆಯ ನಂತರ ಸಂಸತ್ತು ಓಲಾಫ್ ಶೋಲ್ಟ್ಸ್‌ರನ್ನು ಆರಿಸಿತು. ಮರ್ಕೆಲ್ ಅಧಿಕಾರ ಒಪ್ಪಿಸಿ ಮನೆಗೆ ನಡೆದರು. ಯಾರೂ ಹೆದರಬೇಕಾಗಿರಲಿಲ್ಲ.

ರಾಕೆಟ್ ಹೇಗೆ ಹಾರುತ್ತದೆ ಎಂಬುದನ್ನು ಮಕ್ಕಳು ವಿಜ್ಞಾನದ ತರಗತಿಯಲ್ಲಿ ಕಲಿಯುತ್ತಾರೆ. ಅದನ್ನು ಹಾರಿಸುವವರನ್ನು ಪ್ರಶ್ನಿಸುವ ಹಕ್ಕು ಯಾರಿಗಿದೆ ಎಂಬುದು ಪೌರನೀತಿಯ ಪಾಠ. ಅಂಕ ಕಡಿಮೆಯೆಂದು ಅದನ್ನು ಬದಿಗಿಡುವ ಮಕ್ಕಳೂ ಪೋಷಕರೂ ಈ ಕಾದಂಬರಿಯನ್ನೊಮ್ಮೆ ನೆನೆಯುವುದು ಒಳಿತು.