ವಾಟರ್ ಸರ್ವಿಸಿಂಗ್ ಕೇಂದ್ರಗಳು: ಲೆಕ್ಕಕ್ಕೆ ಬಾರದ ನೀರು

ಕೊಪ್ಪಳ ಜಿಲ್ಲೆಯ ಯಾವುದೇ ಪಟ್ಟಣವನ್ನು ಪ್ರವೇಶಿಸುವಾಗ ಮೊದಲು ಕಣ್ಣಿಗೆ ಬೀಳುವ ವ್ಯವಹಾರಗಳಲ್ಲಿ ವಾಟರ್ ಸರ್ವಿಸಿಂಗ್ ಕೇಂದ್ರವೂ ಒಂದು. ತಗಡಿನ ಶೆಡ್ಡು, ಸಿಮೆಂಟಿನ ರ‍್ಯಾಂಪ್, ಪ್ರೆಶರ್ ಪಂಪು, ಏರ್ ಕಂಪ್ರೆಸರ್, ಪಕ್ಕದಲ್ಲೊಂದು ಕೊಳವೆಬಾವಿ, ಕೆಲಸಕ್ಕೆ ಇಬ್ಬರು. ಇಷ್ಟಿದ್ದರೆ ವ್ಯವಹಾರ ಆರಂಭವಾಗುತ್ತದೆ. ದೊಡ್ಡ ವಿದ್ಯಾರ್ಹತೆ ಬೇಕಿಲ್ಲ, ದಾಸ್ತಾನು ಬೇಕಿಲ್ಲ, ಉದ್ರಿಯ ಕಾಟವೂ ಕಡಿಮೆ. ಹೀಗಾಗಿ ಸ್ವಂತ ಉದ್ಯೋಗ ಮಾಡಬಯಸುವ ಯುವಕರಿಗೆ ಇದು ಆಕರ್ಷಕವಾಗಿ ಕಂಡಿರುವುದು ಸಹಜವೇ ಆಗಿದೆ.

ಈ ಬೆಳವಣಿಗೆಗೆ ಸಕಾರಣಗಳಿವೆ. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳ ಜಿಲ್ಲೆ ರೂಪುಗೊಂಡಾಗ ಕಾರು ಸ್ಥಿತಿವಂತರ ಮನೆಯ ಸೊತ್ತಾಗಿತ್ತು. ಇಂದು ಅದು ಬ್ಯಾಂಕ್ ಸಾಲದ ನೆರವಿನಿಂದ ಶಿಕ್ಷಕರ, ಗುತ್ತಿಗೆದಾರರ, ಅಂಗಡಿಕಾರರ ಮನೆಯ ಮುಂದೆಯೂ ನಿಂತಿದೆ. ಗಂಗಾವತಿ ಭಾಗದಲ್ಲಿ ಭತ್ತದ ಲಾರಿಗಳು, ಕೆಸರುಗದ್ದೆಯಿಂದ ಹೊರಬರುವ ಟ್ರ್ಯಾಕ್ಟರುಗಳು, ಕಟಾವು ಯಂತ್ರಗಳು. ಕೊಪ್ಪಳದ ಸುತ್ತ ಗಿಣಿಗೇರಾ ಭಾಗದ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಗಳಿಗೆ ಓಡಾಡುವ ಭಾರಿ ವಾಹನಗಳು. ಕುಷ್ಟಗಿಯಲ್ಲಿ ರಾಷ್ಟ್ರೀಯ ಹೆದ್ದಾರಿ 50ರ ಸಂಚಾರ. ಯಲಬುರ್ಗಾದಲ್ಲಿ ಗಾಲಿಗೆ ಅಂಟಿದರೆ ಬಿಡದ ಎರೆಮಣ್ಣು. ಇವೆಲ್ಲವೂ ಈ ಕೇಂದ್ರಗಳಿಗೆ ಗಿರಾಕಿಗಳನ್ನು ಒದಗಿಸುತ್ತಿವೆ. ಆಯುಧಪೂಜೆ, ಗವಿಸಿದ್ಧೇಶ್ವರ ಜಾತ್ರೆ, ಹುಲಿಗಿ ಮತ್ತು ಅಂಜನಾದ್ರಿಗೆ ಬರುವ ಭಕ್ತರ ವಾಹನಗಳು ಸುಗ್ಗಿಯ ದಿನಗಳನ್ನೂ ತರುತ್ತವೆ.

ಆದ್ದರಿಂದ ಈ ವ್ಯವಹಾರವನ್ನು ಹಗುರವಾಗಿ ಕಾಣಬೇಕಾದ ಕಾರಣವಿಲ್ಲ. ಆದರೆ ಒಂದು ಕೇಂದ್ರ ನಡೆಯುತ್ತಿರುವುದನ್ನು ಕಂಡು ಅದರ ಎದುರಿಗೇ ಇನ್ನೊಂದು, ಅದರ ಪಕ್ಕದಲ್ಲಿ ಮತ್ತೊಂದು ತಲೆಯೆತ್ತುತ್ತಿರುವಾಗ, ಈ ವ್ಯವಹಾರದಲ್ಲಿ ನಿಜವಾಗಿ ಉಳಿಯುವುದೆಷ್ಟು ಎಂಬ ಪ್ರಶ್ನೆಯನ್ನು ಕೇಳಲೇಬೇಕಾಗಿದೆ.

ಗಲ್ಲಾಪೆಟ್ಟಿಗೆಯ ಲಾಭ, ಖಾತೆಯ ನಷ್ಟ

ಉದಾಹರಣೆಗಾಗಿ ಒಂದು ಸಾಧಾರಣ ಕೇಂದ್ರದ ಲೆಕ್ಕವನ್ನು ಕಲ್ಪಿಸಿಕೊಳ್ಳಬಹುದು. ದಿನಕ್ಕೆ ಸರಾಸರಿ 6 ಕಾರುಗಳು, ತಲಾ ರೂ. 300, 15 ದ್ವಿಚಕ್ರ ವಾಹನಗಳು, ತಲಾ ರೂ. 80. ದಿನದ ವಸೂಲಿ ರೂ. 3,000. ತಿಂಗಳಿಗೆ 26 ದಿನ ಕೆಲಸ ನಡೆದರೆ ರೂ. 78,000. ಇಬ್ಬರು ಕೆಲಸಗಾರರ ವೇತನ ರೂ. 28,000, ಜಾಗದ ಬಾಡಿಗೆ ರೂ. 10,000, ವಿದ್ಯುತ್ ರೂ. 7,000, ಶಾಂಪೂ, ಗ್ರೀಸ್, ಪಾಲಿಶ್ ಇತ್ಯಾದಿ ರೂ. 8,000. ಒಟ್ಟು ಖರ್ಚು ರೂ. 53,000. ಉಳಿದದ್ದು ರೂ. 25,000. ‘ತಿಂಗಳಿಗೆ ಇಪ್ಪತ್ತೈದು ಸಾವಿರ ಲಾಭ’ ಎಂಬ ಮಾತು ಊರಲ್ಲಿ ಹಬ್ಬುವುದು ಈ ಅಂಕಿಯ ಮೇಲೆಯೇ.

ಆದರೆ ಇದು ಗಲ್ಲಾಪೆಟ್ಟಿಗೆಯ ಲೆಕ್ಕವೇ ಹೊರತು ಖಾತೆಯ ಲೆಕ್ಕವಲ್ಲ. ಶೆಡ್ಡು, ಯಂತ್ರಗಳು, ಕೊಳವೆಬಾವಿ ಎಲ್ಲ ಸೇರಿ ರೂ. 7 ಲಕ್ಷ ಹೂಡಿಕೆಯಾಗಿದ್ದರೆ, ಏಳು ವರ್ಷಗಳ ಬಾಳಿಕೆಯ ಮೇಲೆ ಸವಕಳಿಯೇ ತಿಂಗಳಿಗೆ ಸುಮಾರು ರೂ. 8,330. ಶೇ. 11ರಂತೆ ಹೂಡಿಕೆಯ ಮೇಲಿನ ಬಡ್ಡಿ ಸುಮಾರು ರೂ. 6,420. ಬೆಳಗಿನಿಂದ ಸಂಜೆಯವರೆಗೆ ನಿಂತು ದುಡಿಯುವ ಮಾಲೀಕನ ಶ್ರಮಕ್ಕೆ, ಬೇರೆಡೆ ದುಡಿದಿದ್ದರೆ ದೊರೆಯಬಹುದಾಗಿದ್ದ ರೂ. 15,000. ಇವು ಮೂರೂ ಸೇರಿ ರೂ. 29,750. ಅಂದರೆ ಲಾಭವೆಂದು ಕಂಡ ರೂ. 25,000 ನಿಜದಲ್ಲಿ ರೂ. 4,750ರ ನಷ್ಟ.

ಇನ್ನು ಎದುರಿನ ಕೇಂದ್ರದವರು ಕಾರಿಗೆ ರೂ. 200 ಎಂದು ಫಲಕ ಹಾಕಿದರೆಂದು ಭಾವಿಸೋಣ. ಇವರೂ ದರ ಇಳಿಸಿದರೆ ತಿಂಗಳ ವಸೂಲಿಯಲ್ಲಿ ರೂ. 15,600 ಖೋತಾ. ಕೈಯಲ್ಲಿ ಉಳಿಯುವುದು ರೂ. 9,400. ಹೂಡಿಕೆಯಲ್ಲಿ ರೂ. 5 ಲಕ್ಷ ಬ್ಯಾಂಕಿನ ಸಾಲವಾಗಿದ್ದರೆ, ಅದೇ ಬಡ್ಡಿದರದಲ್ಲಿ ಐದು ವರ್ಷಗಳ ಅವಧಿಗೆ ಮಾಸಿಕ ಕಂತು ಸುಮಾರು ರೂ. 10,870. ಕಂತು ಕಟ್ಟಲು ಸಾಲದಾಗುವುದು ಹೀಗೆ. 2015ರಲ್ಲಿ ಆರಂಭವಾದ ಮುದ್ರಾ ಯೋಜನೆ ಸಣ್ಣ ಉದ್ಯಮಿಗೆ ಸಾಲದ ಬಾಗಿಲು ತೆರೆದದ್ದು ಸ್ವಾಗತಾರ್ಹ. ಆದರೆ ಸುಲಭವಾಗಿ ದೊರೆತ ಸಾಲ ಸುಲಭವಾಗಿ ತೀರುತ್ತದೆ ಎಂದು ಅರ್ಥವಲ್ಲ. ಬ್ಯಾಂಕಿನ ಕಂತು ತಪ್ಪಿದಾಗ ಕೈಸಾಲ, ಕೈಸಾಲ ತೀರಿಸಲು ಊರಿನ ಹೊಲ ಎಂಬ ದಾರಿಯನ್ನು ಈ ಭಾಗದ ಜನ ಬಲ್ಲರು.

ನೀರಿನ ಖರ್ಚು ಯಾರ ಖಾತೆಗೆ?

ಮೇಲಿನ ಲೆಕ್ಕದಲ್ಲಿ ಒಂದು ಬಾಬತ್ತು ಇಲ್ಲವೆಂಬುದನ್ನು ವರ್ತಕ ಬಂಧುಗಳು ಗಮನಿಸಿರಬಹುದು. ಅದು ನೀರು. ಇಡೀ ವ್ಯವಹಾರದ ಕಚ್ಚಾ ಸಾಮಗ್ರಿಯೇ ನೀರು. ಆದರೂ ಅದಕ್ಕೆ ಖಾತೆಯಲ್ಲಿ ಕಲಮು ಇರುವುದಿಲ್ಲ. ಅಕ್ಕಿ ಗಿರಣಿಯವರು ಭತ್ತದ ಬೆಲೆಯನ್ನು ಬಿಟ್ಟು ಅಕ್ಕಿಯ ದರ ನಿಗದಿ ಮಾಡಿದಂತೆಯೇ ಇದು. ‘ಹಣವನ್ನು ನೀರಿನಂತೆ ಖರ್ಚು ಮಾಡಿದರು’ ಎಂಬ ಮಾತಿದೆ. ನೀರಿಗೆ ಬೆಲೆಯಿಲ್ಲದಿದ್ದ ಕಾಲದ ಮಾತದು.

ಕಾರಿಗೆ 200 ಲೀಟರ್, ದ್ವಿಚಕ್ರ ವಾಹನಕ್ಕೆ 60 ಲೀಟರ್ ಎಂದು ಹಿಡಿದರೂ ಮೇಲೆ ಹೇಳಿದ ಕೇಂದ್ರಕ್ಕೆ ದಿನಕ್ಕೆ 2,100 ಲೀಟರ್, ತಿಂಗಳಿಗೆ 54,600 ಲೀಟರ್ ನೀರು ಬೇಕು. ಗ್ರಾಮೀಣ ಕುಟುಂಬಗಳಿಗೆ ತಲಾ ದಿನಕ್ಕೆ 55 ಲೀಟರ್ ಎಂಬುದು 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಇಟ್ಟುಕೊಂಡ ಮಾನದಂಡ. ಆ ಪ್ರಕಾರ ಒಂದು ಕೇಂದ್ರದ ಒಂದು ದಿನದ ನೀರು 38 ಜನರ ಒಂದು ದಿನದ ನೀರಿಗೆ ಸಮ. ಕೊಳವೆಬಾವಿ ಬತ್ತಿದರೆ 5,000 ಲೀಟರಿನ 11 ಟ್ಯಾಂಕರ್ ತರಿಸಬೇಕು. ಟ್ಯಾಂಕರಿಗೆ ರೂ. 700 ಎಂದರೂ ತಿಂಗಳಿಗೆ ರೂ. 7,700. ದರ ಇಳಿಸಿಕೊಂಡು ಕುಳಿತ ಕೇಂದ್ರಕ್ಕೆ ಇದನ್ನು ಭರಿಸುವ ಶಕ್ತಿ ಎಲ್ಲಿಂದ ಬರಬೇಕು?

ಜಿಲ್ಲೆಯ ಎಲ್ಲ ತಾಲ್ಲೂಕುಗಳ ಸ್ಥಿತಿ ಒಂದೇ ಅಲ್ಲ. ಗಂಗಾವತಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ಆಸರೆಯಿದೆ. ಕುಷ್ಟಗಿ, ಯಲಬುರ್ಗಾಗಳು ಬಹುಪಾಲು ಮಳೆ ಮತ್ತು ಕೊಳವೆಬಾವಿಯನ್ನೇ ನಂಬಿದ ಒಣಭೂಮಿ. 2023ರಲ್ಲಿ ಮಳೆ ಕೈಕೊಟ್ಟಾಗ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದುದನ್ನು ಮರೆಯುವಂತಿಲ್ಲ. ಕಾಲುವೆಯ ನೀರೂ ಶಾಶ್ವತ ಖಾತ್ರಿಯಲ್ಲವೆಂಬುದನ್ನು 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದ ಘಟನೆ ತೋರಿಸಿಕೊಟ್ಟಿತು.

ನೀರು ಕಡಿಮೆಯಾದಾಗ ಮೊದಲು ಬಾಗಿಲು ಮುಚ್ಚಬೇಕಾಗಿ ಬರುವುದು ಯಾರು ಎಂಬುದಕ್ಕೆ ಬೆಂಗಳೂರೇ ನಿದರ್ಶನ. 2024ರ ಮಾರ್ಚ್‌ನಲ್ಲಿ ಅಲ್ಲಿನ ಜಲಮಂಡಳಿ ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ ರೂ. 5,000 ದಂಡ ಗೊತ್ತುಪಡಿಸಿತು. ಅಂಥದೇ ಆದೇಶ ಜಿಲ್ಲೆಯ ಪಟ್ಟಣಗಳಿಗೂ ಬಂದರೆ, ಮರುಬಳಕೆಯ ಏರ್ಪಾಡಿರುವ ಕೇಂದ್ರ ಮಾತ್ರ ಉಳಿದೀತು.

ಆ ಏರ್ಪಾಡು ಕಷ್ಟದ್ದೇನೂ ಅಲ್ಲ. ಮೂರು ಕೋಣೆಗಳ ತೊಟ್ಟಿ ಸಾಕು. ಮೊದಲನೆಯದರಲ್ಲಿ ಮಣ್ಣು ತಳಕ್ಕೆ ಇಳಿಯುತ್ತದೆ, ಎರಡನೆಯದರಲ್ಲಿ ಮೇಲೆ ತೇಲುವ ಎಣ್ಣೆ ಮತ್ತು ಗ್ರೀಸನ್ನು ತೆಗೆಯಬಹುದು, ಮೂರನೆಯದರಿಂದ ಮರಳು ಮತ್ತು ಇದ್ದಿಲಿನ ಸೋಸುಕದ ಮೂಲಕ ನೀರನ್ನು ಮತ್ತೆ ಪಂಪಿಗೆ ಕೊಡಬಹುದು. ಗಾಲಿ, ತಳಭಾಗ, ಟ್ರ್ಯಾಕ್ಟರಿನ ಕೆಸರು ತೊಳೆಯಲು ಈ ನೀರು ಯೋಗ್ಯ. ಕೊನೆಯ ಸುತ್ತಿಗೆ ಮಾತ್ರ ಹೊಸ ನೀರು. ಶೆಡ್ಡಿನ ತಗಡು 100 ಚದರ ಮೀಟರ್ ಇದ್ದರೆ, ವರ್ಷಕ್ಕೆ 500 ಮಿ.ಮೀ. ಮಳೆಯಾದರೂ ಅದರ ಮೇಲೆ ಬೀಳುವ ನೀರು 50,000 ಲೀಟರ್; ಸುಮಾರು ಒಂದು ತಿಂಗಳ ಅಗತ್ಯ. ಹೊಸ ಕೊಳವೆಬಾವಿ ಕೊರೆಸಿದರೆ ನೀರು ಸಿಕ್ಕೀತೆಂಬ ಖಾತ್ರಿಯಿಲ್ಲ. ತೊಟ್ಟಿ ಕಟ್ಟಿಸಿದರೆ ನೀರು ಉಳಿಯುವುದು ಖಾತ್ರಿ. ಎಣ್ಣೆ ಬೆರೆತ ನೀರನ್ನು ಚರಂಡಿಗೋ ಹಳ್ಳಕ್ಕೋ ಬಿಡುವುದು 1974ರ ಜಲಮಾಲಿನ್ಯ ನಿಯಂತ್ರಣ ಕಾಯ್ದೆಯಡಿ ತೊಡಕಿಗೆ ಈಡುಮಾಡುವ ಸಂಗತಿ ಎಂಬುದನ್ನೂ ನೆನಪಿನಲ್ಲಿಡಬೇಕು.

ಅಗ್ಗದ ದರದ ಹಿಂದಿನ ಕೈಗಳು

ದರ ಇಳಿದಾಗ ನೀರಿನ ನಂತರ ಕತ್ತರಿ ಬೀಳುವುದು ಕೂಲಿಗೆ. ಇದು ಇಲ್ಲಿನ ಸಮಸ್ಯೆ ಮಾತ್ರವಲ್ಲ. ಬ್ರಿಟನ್ನಿನಲ್ಲಿ ಯಂತ್ರದಿಂದ ಕಾರು ತೊಳೆಯುವ ಕೇಂದ್ರಗಳ ಸ್ಥಾನವನ್ನು ಕೈಯಿಂದ ತೊಳೆಯುವ ಅಗ್ಗದ ಕೇಂದ್ರಗಳು ಆಕ್ರಮಿಸಿದವು. ಕಾರ್ಮಿಕರ ಶೋಷಣೆ ಹಾಗೂ ಕೊಳಚೆ ನೀರಿನ ಬಗ್ಗೆ ಅಲ್ಲಿನ ಸಂಸತ್ತಿನ ಸಮಿತಿಯೊಂದು 2018ರಲ್ಲಿ ವರದಿ ನೀಡಬೇಕಾಯಿತು. ನಿಯಮ ಪಾಲಿಸುವವರನ್ನು ಪಾಲಿಸದವರು ದರದಲ್ಲಿ ಸೋಲಿಸಿದರೆ ಆಗುವುದು ಇದೇ.

ನಮ್ಮಲ್ಲಿ 14 ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕಿಟ್ಟುಕೊಳ್ಳುವುದನ್ನು, 2016ರಲ್ಲಿ ತಿದ್ದುಪಡಿಗೊಂಡ ಬಾಲಕಾರ್ಮಿಕ ಕಾಯ್ದೆ ನಿಷೇಧಿಸಿದೆ. ತಪ್ಪಿದರೆ ರೂ. 20,000ದಿಂದ ರೂ. 50,000ದವರೆಗೆ ದಂಡ ಅಥವಾ ಆರು ತಿಂಗಳಿನಿಂದ ಎರಡು ವರ್ಷಗಳ ಸೆರೆವಾಸ, ಅಥವಾ ಎರಡೂ. ಆಯುಧಪೂಜೆಯ ಗದ್ದಲದಲ್ಲಿ ‘ಎರಡು ದಿನದ ಮಟ್ಟಿಗೆ’ ಎಂದು ಶಾಲೆಯ ಹುಡುಗರನ್ನು ಕರೆದುಕೊಳ್ಳುವವರು ಇದನ್ನು ಅರಿತಿರಬೇಕು. ಒದ್ದೆ ನೆಲದಲ್ಲಿ ವಿದ್ಯುತ್ ಪಂಪಿನೊಡನೆ ಕೆಲಸ ಮಾಡುವವರಿಗೆ ಸರಿಯಾದ ಅರ್ಥಿಂಗ್, ಸೋರಿಕೆಯಾದೊಡನೆ ವಿದ್ಯುತ್ ಕಡಿಯುವ ಸಾಧನ, ರಬ್ಬರ್ ಬೂಟು ಒದಗಿಸುವುದು ಮಾಲೀಕನ ಕರ್ತವ್ಯ.

ಕಾನೂನಿನ ಎರಡು ತೊಡಕುಗಳು

ಹೆದ್ದಾರಿ ಬದಿಯ ಹೊಲದಲ್ಲಿ ಕೇಂದ್ರ ತೆರೆದವರಿಗೆ ಕೃಷಿ ಪಂಪ್‌ಸೆಟ್ಟಿನ ವಿದ್ಯುತ್ ಬಳಸುವ ಆಸೆ ಹುಟ್ಟಬಹುದು. 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟುಗಳಿಗಿರುವ ಉಚಿತ ವಿದ್ಯುತ್ ಬೆಳೆಗಾಗಿ ಇರುವುದೇ ಹೊರತು ವ್ಯಾಪಾರಕ್ಕಲ್ಲ. 2003ರ ವಿದ್ಯುತ್ ಕಾಯ್ದೆಯ 126ನೇ ಕಲಮಿನಂತೆ ಅನಧಿಕೃತ ಬಳಕೆಗೆ ಅನ್ವಯವಾಗುವ ದರದ ಎರಡು ಪಟ್ಟು ವಸೂಲಿ ಮಾಡಬಹುದು. ಒಂದು ತಪಾಸಣೆಯಲ್ಲಿ ವರ್ಷದ ಉಳಿತಾಯವೆಲ್ಲ ಹೋದೀತು.

ಎರಡನೆಯದು ಜಿ.ಎಸ್.ಟಿ. ಮೇಲಿನ ಉದಾಹರಣೆಯ ಕೇಂದ್ರದ ವಾರ್ಷಿಕ ವಹಿವಾಟು ರೂ. 9.36 ಲಕ್ಷ, ಸೇವೆಗಳ ನೋಂದಣಿ ಮಿತಿಯಾದ ರೂ. 20 ಲಕ್ಷದೊಳಗೇ ಇದೆ. ಆದರೆ ಕಿರಾಣಿ ಅಥವಾ ಬಿಡಿಭಾಗಗಳ ಅಂಗಡಿ ಇರುವವರು ಅದೇ ಹೆಸರಿನಲ್ಲಿ, ಅದೇ ಪ್ಯಾನ್ ಸಂಖ್ಯೆಯಲ್ಲಿ ಕೇಂದ್ರ ತೆರೆದರೆ ಸ್ಥಿತಿ ಬದಲಾಗುತ್ತದೆ. ರೂ. 40 ಲಕ್ಷದ ಮಿತಿ ಇರುವುದು ಕೇವಲ ಸರಕು ಮಾರುವವರಿಗೆ ಮಾತ್ರ. ರೂ. 30 ಲಕ್ಷದ ಅಂಗಡಿಯವರು ವಾಹನ ತೊಳೆಯುವ ಸೇವೆಯನ್ನೂ ಆರಂಭಿಸಿದೊಡನೆ ಎರಡೂ ವಹಿವಾಟು ಕೂಡಿ ರೂ. 20 ಲಕ್ಷದ ಮಿತಿಗೆ ಒಳಪಡುತ್ತವೆ, ನೋಂದಣಿ ಕಡ್ಡಾಯವಾಗುತ್ತದೆ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಗಳ ಆಧಾರದ ಮೇಲೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸು ನೀಡಿದಾಗ ಉಂಟಾದ ಗಾಬರಿ ಎಲ್ಲರಿಗೂ ನೆನಪಿದೆ. ಗಾಬರಿಗೆ ಮದ್ದು ‘ನಗದು ಮಾತ್ರ’ ಎಂಬ ಫಲಕವಲ್ಲ; ದಿನದ ಕಿರ್ದಿ ಬರೆಯುವುದು.

ವಾಣಿಜ್ಯೋದ್ಯಮ ಸಂಸ್ಥೆಗಳು ಮಾಡಬಹುದಾದದ್ದು

ಈ ಕೇಂದ್ರಗಳ ಮಾಲೀಕರನ್ನು ಸಂಘಟಿಸಿ ಒಂದೇ ದರ ಗೊತ್ತುಪಡಿಸಿದರಾಯಿತು ಎಂದು ಕೆಲವರು ಹೇಳಬಹುದು. ಸ್ಪರ್ಧಿಗಳು ಒಟ್ಟಾಗಿ ದರ ನಿಗದಿ ಮಾಡುವುದು 2002ರ ಸ್ಪರ್ಧಾ ಕಾಯ್ದೆಗೆ ವಿರುದ್ಧ. ಆದರೆ ವೆಚ್ಚದ ಲೆಕ್ಕ ಹಾಕುವ ವಿಧಾನವನ್ನು ಕಲಿಸುವುದಕ್ಕೆ ಯಾವ ಕಾನೂನಿನ ಅಡ್ಡಿಯೂ ಇಲ್ಲ. ಸವಕಳಿ, ಬಡ್ಡಿ, ಸ್ವಂತ ದುಡಿಮೆ, ನೀರು ಎಂಬ ನಾಲ್ಕು ಕಲಮುಗಳನ್ನು ಸೇರಿಸಿದ ಒಂದು ಪುಟದ ನಮೂನೆಯನ್ನು ತಾಲ್ಲೂಕು ಕೇಂದ್ರಗಳಲ್ಲಿ ಅರ್ಧ ದಿನದ ಶಿಬಿರ ನಡೆಸಿ ವಿವರಿಸಿದರೆ, ಸಾಲದ ಅರ್ಜಿ ಹಾಕುವ ಮೊದಲೇ ಯುವಕರಿಗೆ ನಿಜಸ್ಥಿತಿ ತಿಳಿದೀತು.

ಸಂಸ್ಥೆಯ ಸದಸ್ಯರ ಪಾತ್ರವೂ ಸಣ್ಣದಲ್ಲ. ಗಿರಣಿ ಮಾಲೀಕರು, ಸಾಗಣೆದಾರರು, ಕಾರ್ಖಾನೆಗಳವರು ಈ ಕೇಂದ್ರಗಳ ದೊಡ್ಡ ಗಿರಾಕಿಗಳಾಗಬಲ್ಲರು. ತಮ್ಮ ವಾಹನಗಳಿಗೆ ವರ್ಷದ ಒಪ್ಪಂದ ಮಾಡಿಕೊಂಡು, ಬಿಲ್ಲು ಕೇಳಿ ಪಡೆದು, ನೀರು ಮರುಬಳಸುವ ಕೇಂದ್ರಕ್ಕೆ ಆದ್ಯತೆ ಕೊಟ್ಟರೆ ಆ ಕೇಂದ್ರಕ್ಕೆ ಮಳೆಗಾಲ, ಬೇಸಿಗೆ ಎನ್ನದೆ ಖಚಿತ ಆದಾಯ ದೊರೆಯುತ್ತದೆ. ಐವತ್ತು ರೂಪಾಯಿ ಉಳಿಸಲು ಚೌಕಾಸಿ ಮಾಡುವ ಗಿರಾಕಿಗಿಂತ ವರ್ಷವಿಡೀ ಬರುವ ಗಿರಾಕಿಯೇ ಮೇಲೆಂಬುದನ್ನು ವರ್ತಕರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಹೊಸದಾಗಿ ಆರಂಭಿಸಬಯಸುವವರು ಎದುರಿನ ಕೇಂದ್ರದ ಮುಂದೆ ಎಷ್ಟು ಕಾರುಗಳು ನಿಂತಿವೆ ಎಂದು ಎಣಿಸುವುದಕ್ಕಿಂತ, ಏಪ್ರಿಲ್ ತಿಂಗಳಿನಲ್ಲಿ ತಮ್ಮ ಕೊಳವೆಬಾವಿಯಲ್ಲಿ ಎಷ್ಟು ನೀರು ಇರುತ್ತದೆ ಎಂದು ಮೊದಲು ತಿಳಿದುಕೊಳ್ಳುವುದು ಒಳಿತು. ಆ ಅಂಕಿಯನ್ನು ಬರೆದ ಮೇಲೆಯೇ ಕಾರಿಗೆ ಎಷ್ಟು ರೂಪಾಯಿ ಎಂಬ ಫಲಕ ಬರೆಸಬೇಕು.